ಬಾವಿಕಟ್ಟಿಯಲ್ಲಿ ನಿಂತ ಫಿರಂಗಿಗಳು

ಧಾರವಾಡ
೯ ಜೂನ್ ೨೦೨೪

ಶ್ರೀ ನೀಲಕಂಠಪ್ಪ ಅವರಿಗೆ,

ನಮಸ್ಕಾರ. ನಾನು ಋತುಜಾ. ಫೋನಿನಲ್ಲಿ ಹಳೆಯ ಕಾಲದ ಯುದ್ಧದ ಆಟ ಆಡುವ ನಮ್ಮ ‘ರಣಪಟ’ ಗುಂಪಿನಲ್ಲಿ ಈ ಸಲ ಕರಿಗುಡ್ಡದ ಮುತ್ತಿಗೆಗೆ ಸೇನಾಪತಿ. ಪಂಚರಾದ ರಾಜಶೇಖರ ಸರ್ ಇವತ್ತು ಮುಂಜಾನೆ ಹಾಕಿದ ಪಟ್ಟಿಯಲ್ಲಿ ನನ್ನ ಬುತ್ತಿಗಾರರೆಂದು ನಿಮ್ಮ ಹೆಸರಿದೆ. ನೀವು ಗುಂಪಿಗೆ ಹೊಸಬರು ಎಂದು ಕೇಳಿದೆ, ಅದಕ್ಕೇ ನಾಲ್ಕು ಮಾತು ಮೊದಲೇ ಬರೆಯುತ್ತಿದ್ದೇನೆ.

ಬುತ್ತಿಗಾರ ಎಂದರೆ ದಂಡಿಗೆ ಕಾಳು, ಮೇವು, ಮದ್ದುಗುಂಡು ಸಾಗಿಸುವವರು. ದಾರಿಯ ಮೇಲೆ ಯಾವ ಗಾಡಿ ಯಾವಾಗ ಹೋಗಬೇಕು ಎನ್ನುವುದನ್ನು ನೀವೇ ಫೋನಿನಲ್ಲಿ ಪಂಚರಿಗೆ ಕಳಿಸುತ್ತೀರಿ, ಕಾಳಗದ ಆಜ್ಞೆ ನಾನು ಕಳಿಸುತ್ತೇನೆ. ಆದರೆ ನಾವಿಬ್ಬರು ಮಾತ್ರ ಫೋನಿನಲ್ಲಿ ಮಾತಾಡುವಂತಿಲ್ಲ, ಭೇಟಿ ಆಗುವಂತಿಲ್ಲ. ಅಂಚೆ ಪತ್ರ ಒಂದೇ, ಅದೂ ಸಾದಾ ಅಂಚೆ. ಮುನ್ನೂರು ವರ್ಷದ ಹಿಂದೆ ದಂಡಿಗೂ ಉಗ್ರಾಣಕ್ಕೂ ನಡುವೆ ಸವಾರನೊಬ್ಬ ಮೂರು ದಿನ ಕುದುರೆ ಓಡಿಸಬೇಕಿತ್ತಂತೆ, ಅದರ ಸಂಕಟ ನಮಗೂ ತಿಳಿಯಲಿ ಎಂದು ಈ ನಿಯಮ. ಧಾರವಾಡದಿಂದ ಹುಬ್ಬಳ್ಳಿಗೆ ಬಸ್ಸಿನಲ್ಲಿ ಮುಕ್ಕಾಲು ತಾಸು, ಪತ್ರಕ್ಕೆ ಮೂರು ದಿನ. ಪಂಚರಿಗೆ ಇದರಲ್ಲಿ ಬಹಳ ಖುಷಿ.

ಒಂದು ವಾರ ಎಂದರೆ ಆಟದ ನಾಲ್ಕು ದಿನ. ಶನಿವಾರ ಮಧ್ಯಾಹ್ನಕ್ಕೆ ಆಜ್ಞೆಗಳು ಮುಗಿಯಬೇಕು, ರವಿವಾರ ಹತ್ತಕ್ಕೆ ಪಂಚರು ಗುಂಪಿಗೆಲ್ಲ ಫೋನಿನಲ್ಲಿ ವರದಿ ಓದಿ ಹೇಳುತ್ತಾರೆ, ಆಮೇಲೆ ಬರೆದೂ ಹಾಕುತ್ತಾರೆ. ನಲವತ್ತನೆಯ ದಿನದೊಳಗೆ ಕರಿಗುಡ್ಡ ಬೀಳಬೇಕು. ಕೋಟೆಯೊಳಗೆ ಇರುವವರು ವಿಜಯಪುರದ ಇಸ್ತಿಯಾಕ, ಐದು ವರ್ಷದಿಂದ ಸೋತಿಲ್ಲ. ನಾನು ಎರಡು ಸಲ ಸೋತಿದ್ದೇನೆ. ಮೂರನೆಯ ಸಲ ಸೋತರೆ ಸೇನಾಪತಿ ಪದವಿ ಬಿಡಬೇಕು, ಮತ್ತೆಂದೂ ಸಿಗುವುದಿಲ್ಲ. ಬಿಡುವವರಿಗೆ ಸಮಾಧಾನಕ್ಕೆಂದು ಗುಂಪಿನ ನಿಯಮದ ಪುಸ್ತಕದಲ್ಲಿ ಒಂದು ಹೊಸ ನಿಯಮ ಬರೆಯಲು ಕೊಡುತ್ತಾರೆ. ನನಗೆ ಆ ಸಮಾಧಾನ ಬೇಡ. ಇನ್ನೂರ ಹನ್ನೆರಡು ಜನರ ಗುಂಪಿನಲ್ಲಿ ಸೇನಾಪತಿಯಾದ ಹೆಂಗಸು ನಾನೊಬ್ಬಳೇ, ನಾನು ಇಳಿಯುವುದನ್ನು ನೋಡಲು ಅರ್ಧ ಜನ ಕಾಯುತ್ತಿದ್ದಾರೆ.

ಆದ್ದರಿಂದ ಹೇಳಿದ್ದನ್ನು ಹೇಳಿದ ಹಾಗೆ ಸಾಗಿಸಿದರೆ ಸಾಕು. ಮೊದಲ ವಾರಕ್ಕೆ ಎಂಟು ಸಾವಿರ ಜನರ ಕಾಳು, ಹನ್ನೆರಡು ಫಿರಂಗಿ ಹೊರಡಲಿ.

ಇತಿ,
ಋತುಜಾ
ಸೇನಾಪತಿ

*

ಹುಬ್ಬಳ್ಳಿ
೧೩ ಜೂನ್ ೨೦೨೪

ಮಾನ್ಯ ಸೇನಾಪತಿಯವರಿಗೆ,

ನಿಮ್ಮ ಪತ್ರ ಇಂದು ಹನ್ನೊಂದೂ ಹತ್ತಕ್ಕೆ ತಲುಪಿತು. ಆಜ್ಞೆ ತಿಳಿಯಿತು. ಪಾಲಿಸುವ ಮೊದಲು ಕೆಲವು ಪ್ರಶ್ನೆಗಳಿವೆ, ಬೇಸರ ಮಾಡಿಕೊಳ್ಳಬಾರದು.

ಒಂದು ಫಿರಂಗಿ ಎಳೆಯಲು ಎಷ್ಟು ಜೊತೆ ಎತ್ತು? ಆ ಎತ್ತುಗಳ ಮೇವನ್ನು ಹೊರುವ ಗಾಡಿಗಳನ್ನು ಲೆಕ್ಕಕ್ಕೆ ಹಿಡಿಯಲಾಗಿದೆಯೇ? ಆ ಗಾಡಿಗಳ ಎತ್ತುಗಳ ಮೇವು? ಕರಿಗುಡ್ಡಕ್ಕೆ ಹೋಗುವ ಎರಡು ಹರದಾರಿಯ ಕಣಿವೆಯಲ್ಲಿ ದಾರಿ ಒಂದೇ ಗಾಡಿಯಗಲ ಎಂದು ನಕ್ಷೆಯಲ್ಲಿದೆ. ಮೇಲೆ ಹೋಗುವ ಗಾಡಿಗೆ ಕೆಳಗೆ ಬರುವ ಗಾಡಿ ಎದುರಾದರೆ ಯಾರು ಹಿಂದೆ ಸರಿಯಬೇಕು? ಉಳಿದ ಹದಿಮೂರು ಪ್ರಶ್ನೆಗಳನ್ನು ಬೇರೆ ಹಾಳೆಯಲ್ಲಿ ಇಟ್ಟಿದ್ದೇನೆ.

ನನ್ನ ಪರಿಚಯ: ವಯಸ್ಸು ಎಪ್ಪತ್ತೊಂದು. ರೈಲ್ವೆಯಲ್ಲಿ ಮೂವತ್ಮೂರು ವರ್ಷ ಕಂಟ್ರೋಲರ್ ಕೆಲಸ. ಗಾಡಿ ಎಲ್ಲಿ ನಿಲ್ಲಬೇಕು, ಯಾವುದಕ್ಕೆ ಯಾವುದು ದಾರಿ ಬಿಡಬೇಕು ಎಂದು ಕೋಣೆಯೊಳಗೆ ಕೂತು ಹೇಳುವವನು. ಗಾಡಿಗಳನ್ನು ನಾನು ಕಣ್ಣಿನಿಂದ ನೋಡಿದ್ದು ಕಡಿಮೆ. ನನ್ನ ಮುಂದೆ ಇರುತ್ತಿದ್ದದ್ದು ಒಂದು ದೊಡ್ಡ ಹಾಳೆ, ಅದರ ಮೇಲೆ ಪೆನ್ಸಿಲಿನ ಗೆರೆ. ಒಂದು ಗೆರೆ ಎಂದರೆ ಒಂದು ಗಾಡಿ. ನಿವೃತ್ತಿಯಾದ ಮೇಲೆ ಕೈಗೆ ಗೆರೆ ಇಲ್ಲದೆ ಬಹಳ ಬೇಸರವಾಗಿತ್ತು. ಫೋನಿನಲ್ಲಿ ಹಳೆಯ ನಕ್ಷೆ ಹುಡುಕುತ್ತ ಹೋಗಿ ನಿಮ್ಮ ಗುಂಪಿಗೆ ಬಂದು ಬಿದ್ದೆ.

ದುಡಿಯುವ ಎತ್ತು ಬೇಸಿಗೆಯಲ್ಲಿ ದಿನಕ್ಕೆ ನಾಲ್ಕು ಕೊಡ ನೀರು ಕುಡಿಯುತ್ತದೆ, ನಿಮ್ಮ ಆಟದಲ್ಲಿ ಎರಡೇ ಕೊಡ ಹಿಡಿದಿದ್ದೀರಿ ಎಂದು ನನ್ನ ಹೆಂಡತಿ ಸಂಗವ್ವ ಹೇಳುತ್ತಾಳೆ. ಅವಳು ಕುಂದಗೋಳದ ಕಡೆಯ ಒಕ್ಕಲು ಮನೆಯವಳು, ಎತ್ತಿನ ವಿಷಯದಲ್ಲಿ ಅವಳ ಮಾತೇ ಕೊನೆ.

ತಮ್ಮ ವಿಶ್ವಾಸಿ,
ನೀಲಕಂಠಪ್ಪ

*

ಧಾರವಾಡ
೩೦ ಜೂನ್ ೨೦೨೪

ಪ್ರಿಯ ನೀಲಕಂಠಪ್ಪ ಕಾಕಾ,

ನಿಮ್ಮನ್ನು ಕಾಕಾ ಎನ್ನಲು ನಿಯಮದಲ್ಲಿ ಅಡ್ಡಿ ಇಲ್ಲ, ನೋಡಿಕೊಂಡೆ.

ಮೊದಲು ತಪ್ಪೊಪ್ಪಿಗೆ. ನಿಮ್ಮ ಹದಿನೇಳು ಪ್ರಶ್ನೆ ನೋಡಿ ನನಗೆ ನಗು ಬಂದಿತ್ತು. ಎತ್ತಿನ ಗಾಡಿ ಬೆಳಿಗ್ಗೆ ಏಳೂ ನಲವತ್ತೆರಡಕ್ಕೆ ಹೊರಡತಕ್ಕದ್ದು ಎಂದು ನೀವು ಪಂಚರಿಗೆ ಬರೆದದ್ದನ್ನು ರವಿವಾರದ ವರದಿಯಲ್ಲಿ ಎಲ್ಲರೂ ಓದಿ ನಕ್ಕರು, ನಾನೂ ನಕ್ಕೆ. ಪಾಪ, ಯಾರೋ ಮುದುಕರು ನನ್ನ ಪಾಲಿಗೆ ಬಂದರಲ್ಲ ಎಂದುಕೊಂಡೆ.

ಹಿಂದಿನ ಬುಧವಾರ ನಿಮ್ಮ ಹಾಳೆ ಬಂತು. ಹಳೆಯ ಕ್ಯಾಲೆಂಡರುಗಳ ಹಿಂಬದಿಯನ್ನು ಜೋಡಿಸಿ ಅಂಟಿಸಿದ್ದೀರಿ. ಬಿಚ್ಚುತ್ತ ಹೋದರೆ ಪಡಸಾಲೆ ಸಾಲಲಿಲ್ಲ, ಸೋಫಾ ಸರಿಸಿದೆ. ಅಡ್ಡಕ್ಕೆ ನಲವತ್ತು ದಿನ, ಉದ್ದಕ್ಕೆ ಊರುಗಳು, ನಡುವೆ ಓರೆ ಗೆರೆಗಳು. ಮೊದಲು ಏನೂ ತಿಳಿಯಲಿಲ್ಲ. ಆಮೇಲೆ ಒಂದು ಗೆರೆಯ ಮೇಲೆ ಬೆರಳಿಟ್ಟು ಹೊರಟೆ. ಕಾಳಿನ ಗಾಡಿಗಳು ಉಗ್ರಾಣದಿಂದ ಹೊರಟವು, ಹೊಳೆ ದಾಟಿದವು, ಕಣಿವೆಯ ನಡುವಿನ ಬಾವಿಕಟ್ಟಿಯಲ್ಲಿ ಬದಿಗೆ ನಿಂತವು, ಎದುರಿನಿಂದ ಬರುವ ಖಾಲಿ ಗಾಡಿಗಳಿಗೆ ದಾರಿ ಬಿಟ್ಟವು, ಮತ್ತೆ ಹೊರಟವು. ಹಾಳೆಯ ಮೇಲೆ ಎಲ್ಲೂ ಎರಡು ಗೆರೆ ಢಿಕ್ಕಿ ಹೊಡೆದಿಲ್ಲ. ನನ್ನ ಎಂಟು ಸಾವಿರ ಜನ ಯಾವ ದಿನ ಎಲ್ಲಿ ಉಣ್ಣುತ್ತಾರೆ ಎನ್ನುವುದು ಆ ಹಾಳೆಯಲ್ಲಿ ಇತ್ತು. ನನ್ನ ತಾಯಿ ತಾರಾಬಾಯಿ (ನಾನು ಆಯಿ ಎನ್ನುತ್ತೇನೆ) ಸಾಲಿ ಟೀಚರ್ ಆಗಿ ನಿವೃತ್ತಿಯಾದವಳು, ನನ್ನ ಈ ಆಟದ ಹೆಸರೆತ್ತಿದರೆ ಸಿಡುಕುತ್ತಾಳೆ. ಅವಳೂ ಬಂದು ಚಷ್ಮಾ ಹಾಕಿಕೊಂಡು ನೆಲದ ಮೇಲೆ ಕೂತಳು. ಬಹಳ ಹೊತ್ತು ನೋಡಿ, “ಇದನ್ನ ಮಾಡಿದವರ ಕಾಲಿಗೆ ಬೀಳಬೇಕು” ಎಂದಳು.

ನಾನು ಧಾರವಾಡದ ಪಕ್ಕದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಪಂಪಿನ ವಾಲ್ವ್ ಮಾಡುವ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತೇನೆ. ಗೇಜಿನಲ್ಲಿ ಹಿಡಿದು ನೋಡಿ ಇದು ಹೋಗಲಿ, ಇದು ಬೇಡ ಎಂದು ಎರಡು ಬುಟ್ಟಿಗೆ ಹಾಕುವುದು ನನ್ನ ಕೆಲಸ. ಮನುಷ್ಯರನ್ನೂ ಹಾಗೇ ಲಗೂನೆ ಬುಟ್ಟಿಗೆ ಹಾಕಿಬಿಡುತ್ತೇನೆ. ನಿಮ್ಮ ವಿಷಯದಲ್ಲಿ ತಪ್ಪು ಬುಟ್ಟಿಗೆ ಹಾಕಿದ್ದೆ.

ಇಂದಿನ ವರದಿಯ ಪ್ರಕಾರ ಹನ್ನೆರಡನೆಯ ದಿನ ನಮ್ಮ ದಂಡಿನಲ್ಲಿ ಒಬ್ಬನೂ ಹಸಿದಿಲ್ಲ. ಹಿಂದಿನ ಎರಡು ಸಲ ಈ ಹೊತ್ತಿಗೆ ನನ್ನ ಕಾಲುಭಾಗ ಜನ ಓಡಿಹೋಗಿದ್ದರು. ನಾನು ಶೌರ್ಯ ಸಾಲದೆ ಸೋತೆ ಅಂದುಕೊಂಡಿದ್ದೆ, ಸೋತದ್ದು ಜೋಳ ಸಾಲದೆ.

ಈಗ ಮುಖ್ಯ ಮಾತು. ಹತ್ತೊಂಬತ್ತನೆಯ ದಿನ ಹನ್ನೆರಡೂ ಫಿರಂಗಿ ಕೋಟೆಯ ಮುಂದೆ ಇರಬೇಕು. ಇಪ್ಪತ್ತನೆಯ ದಿನ ಮುಂಬಾಗಿಲ ಮೇಲೆ ಏರುತ್ತೇನೆ. ಅಲ್ಲಿನ ಗೋಡೆ ಹಳೆಯದು, ಇಸ್ತಿಯಾಕ ಅದನ್ನು ಇನ್ನೂ ದುರಸ್ತಿ ಮಾಡಿಲ್ಲ.

ನಿಮ್ಮ,
ಋತುಜಾ

*

ಹುಬ್ಬಳ್ಳಿ
೪ ಜುಲೈ ೨೦೨೪

ಸೇನಾಪತಿ ಋತುಜಾ ಅವರಿಗೆ,

ಪತ್ರ ತಲುಪಿತು. ನಿಮ್ಮ ತಾಯಿಯವರ ಮಾತನ್ನು ಸಂಗವ್ವನಿಗೆ ಓದಿ ಹೇಳಿದೆ. ಕಾಲಿಗೆ ಬೀಳುವುದಾದರೆ ಕ್ಯಾಲೆಂಡರ್ ಅಂಟಿಸಿದವಳ ಕಾಲಿಗೆ ಬೀಳಲಿ ಎಂದಳು.

ಫಿರಂಗಿಗಳು ಕಣಿವೆಯ ಬುಡ ಮುಟ್ಟಿವೆ. ಸಮಯಕ್ಕೆ ಸರಿಯಾಗಿ ಮೇಲೆ ಬರುತ್ತವೆ.

ಒಂದು ವಿಷಯ. ಹೊರಗಣ ಕಾಳಗದಲ್ಲಿ ನಮ್ಮ ಆರುನೂರು ಜನ ಗಾಯಗೊಂಡಿದ್ದಾರೆ ಎಂದು ವರದಿಯಲ್ಲಿದೆ. ಅವರು ಮೇಲಿನ ಬಿಡಾರದಲ್ಲಿದ್ದಾರೆ, ಔಷಧ ಮತ್ತು ವೈದ್ಯರು ಕೆಳಗೆ ಉಗ್ರಾಣದಲ್ಲಿದ್ದಾರೆ. ಅವರನ್ನು ಇಳಿಸುವ ಬಗ್ಗೆ ನಿಮ್ಮ ಆಜ್ಞೆಯಲ್ಲಿ ಏನೂ ಇಲ್ಲ. ಮರೆತಿರಬಹುದು. ತಿಳಿಸಬೇಕು.

ತಮ್ಮ ವಿಶ್ವಾಸಿ,
ನೀಲಕಂಠಪ್ಪ

*

ಧಾರವಾಡ
೧೪ ಜುಲೈ ೨೦೨೪

ನೀಲಕಂಠಪ್ಪ ಅವರಿಗೆ,

ಇಂದು ಹತ್ತಕ್ಕೆ ವರದಿ ಬಂತು. ಮೂರು ಸಲ ಓದಿದೆ.

ಹತ್ತೊಂಬತ್ತನೆಯ ದಿನ ನನ್ನ ಹನ್ನೆರಡು ಫಿರಂಗಿಗಳು ಕೋಟೆಯ ಮುಂದೆ ಇರಲಿಲ್ಲ. ಬಾವಿಕಟ್ಟಿಯಲ್ಲಿ ಬದಿಗೆ ನಿಂತಿದ್ದವು. ಇಡೀ ಒಂದು ದಿನ. ಯಾಕೆಂದರೆ ನನ್ನ ಬುತ್ತಿಗಾರರು ಗಾಯಾಳುಗಳ ಗಾಡಿಗಳನ್ನು ಕೆಳಗೆ ಬಿಟ್ಟಿದ್ದರು. ನನಗದು ಗೊತ್ತಿರಲಿಲ್ಲ, ಇಪ್ಪತ್ತನೆಯ ದಿನ ಏರಿಹೋಗುವ ಆಜ್ಞೆ ಆಗಲೇ ಕೊಟ್ಟಾಗಿತ್ತು. ಫಿರಂಗಿ ಇಲ್ಲದೆ ಬರೀ ಏಣಿ ಹಿಡಿದು ನನ್ನ ಜನ ಮುಂಬಾಗಿಲಿಗೆ ಹೋದರು. ಒಂಬೈನೂರು ಜನ ಬಿದ್ದರು. ಅದೇ ರಾತ್ರಿ ಇಸ್ತಿಯಾಕ ಗೋಡೆ ದುರಸ್ತಿಗೆ ಹಚ್ಚಿದ್ದಾರೆ.

ಗುಂಪಿನಲ್ಲಿ ಮುಂಜಾನೆಯಿಂದ ಒಂದೇ ನಗೆ. ಫಿರಂಗಿಗಳು ಬಾವಿ ನೀರು ಕುಡಿಯಲು ನಿಂತಿದ್ದವೇ ಎಂದು ಬೆಳಗಾವಿಯ ಶಶಿಕುಮಾರ ಬರೆದಿದ್ದಾನೆ. ಅದಕ್ಕೆ ನೂರು ಜನ ಹಲ್ಲು ಕಿಸಿದಿದ್ದಾರೆ.

ನೀವು ಜುಲೈ ನಾಲ್ಕಕ್ಕೆ ಬರೆದ ಪತ್ರ ನನಗೆ ಬಂದಿತ್ತು. ಗಾಯಾಳುಗಳ ವಿಷಯ ಆಮೇಲೆ ನೋಡಿದರಾಯಿತು ಎಂದು ನಾನು ಉತ್ತರ ಬರೆಯಲಿಲ್ಲ. ಉತ್ತರ ಇಲ್ಲ ಎಂದರೆ ಆಜ್ಞೆ ಇಲ್ಲ ಎಂದು ಅರ್ಥ. ನೀವು ಮಾಡಬೇಕಾದದ್ದು ಫಿರಂಗಿ ತರುವುದು. ಈ ಮುತ್ತಿಗೆ ನಿಮಗೆ ವೇಳೆ ಕಳೆಯುವ ದಾರಿ ಇರಬಹುದು, ನನಗೆ ಹಾಗಲ್ಲ. ದಿನಕ್ಕೆ ಎಂಟು ತಾಸು ವಾಲ್ವ್ ತಿರುಗಿಸಿ ನೋಡುವವಳಿಗೆ ತಲೆಯೆತ್ತಿ ನಿಲ್ಲಲು ಇರುವ ಜಾಗ ಇದೊಂದೇ.

ಯಾಕೆ ಹೀಗೆ ಮಾಡಿದಿರಿ ಎಂದು ತಿಳಿಸಿ. ಪಂಚರಿಗೆ ಹೇಳಿ ಬುತ್ತಿಗಾರರನ್ನು ಬದಲಿಸುವ ವಿಚಾರ ಮಾಡುತ್ತಿದ್ದೇನೆ.

ಋತುಜಾ

*

ಹುಬ್ಬಳ್ಳಿ
೧೮ ಜುಲೈ ೨೦೨೪

ಮಾನ್ಯ ಸೇನಾಪತಿಯವರಿಗೆ,

ತಪ್ಪು ನನ್ನದು.

ಕಾರಣ ಕೇಳಿದ್ದೀರಿ. ಒಂದೇ ಹಳಿಯ ದಾರಿಯಲ್ಲಿ, ಅಪಘಾತವಾದಲ್ಲಿಗೆ ವೈದ್ಯರನ್ನು ಒಯ್ಯುವ ಪರಿಹಾರದ ಗಾಡಿ ಹೊರಟಿತು ಎಂದರೆ ಉಳಿದ ಗಾಡಿಗಳು, ಅವು ಎಷ್ಟೇ ದೊಡ್ಡವರನ್ನು ಹೊತ್ತಿರಲಿ, ಬದಿಗೆ ಸರಿದು ನಿಲ್ಲಬೇಕು. ಇದು ನಮ್ಮಲ್ಲಿ ಮೊದಲ ದಿನ ಕಲಿಸುವ ಪಾಠ. ಮೂವತ್ಮೂರು ವರ್ಷದಲ್ಲಿ ಅದು ತಲೆಯಿಂದ ಇಳಿದು ಕೈಗೆ ಬಂದಿದೆ. ಗಾಯಾಳುಗಳ ಗಾಡಿಗೆ ಗೆರೆ ಎಳೆದೆ, ಆ ಗೆರೆಗೆ ಫಿರಂಗಿಯ ಗೆರೆ ಎದುರಾಯಿತು, ಪೆನ್ಸಿಲು ತಾನೇ ಫಿರಂಗಿಯನ್ನು ಬಾವಿಕಟ್ಟಿಯಲ್ಲಿ ನಿಲ್ಲಿಸಿತು. ಇದು ರೈಲು ದಾರಿಯಲ್ಲ, ಆಟ ಎನ್ನುವುದು ಆ ಕ್ಷಣಕ್ಕೆ ಹೊಳೆಯಲಿಲ್ಲ. ನಿಮಗೆ ತಿಳಿಸಲು ಪತ್ರಕ್ಕೆ ವೇಳೆ ಇರಲಿಲ್ಲ.

ಬದಲಿಸುವುದಾದರೆ ನನ್ನ ತಕರಾರು ಇಲ್ಲ. ಇಟ್ಟುಕೊಳ್ಳುವುದಾದರೆ, ಇನ್ನು ಮುಂದೆ ನಿಮ್ಮ ಲಿಖಿತ ಆಜ್ಞೆ ಇಲ್ಲದೆ ದಾರಿಯ ಮೇಲೆ ಏನನ್ನೂ ಬದಲಿಸುವುದಿಲ್ಲ.

ನಿಮಗೆ ಅವಮಾನವಾಯಿತು. ಅದಕ್ಕೆ ಬಹಳ ನೋವಾಗಿದೆ.

ತಮ್ಮ ವಿಶ್ವಾಸಿ,
ನೀಲಕಂಠಪ್ಪ

*

ಹುಬ್ಬಳ್ಳಿ
೨೨ ಜುಲೈ ೨೦೨೪

ತಂಗಿ ಋತುಜಾಗ ಸಂಗವ್ವ ಬರಿಯೂದು.

ನಾ ನಿಮ್ಮ ಗುಂಪಿನ್ಯಾಗ ಇಲ್ಲ, ಅದಕ್ಕ ನಿಮ್ಮ ನಿಯಮ ನನಗ ಹತ್ತಂಗಿಲ್ಲ. ಇವರು ಬ್ಯಾಂಕಿಗೆ ಹೋಗ್ಯಾರ. ಬರೂದ್ರಾಗ ಬರದು ಡಬ್ಬಿಗೆ ಹಾಕಬೇಕು.

ಇವರು ನಿನಗ ಕೈಯಾಗಿನ ರೂಢಿ ಅಂತ ಬರದಾರ. ಖರೇನ ಅದು. ಆದ್ರ ಪೂರಾ ಖರೇ ಅಲ್ಲ.

ಮೂರು ವರ್ಷದ ಹಿಂದ ನನಗ ಎದಿ ಹಿಡಕೊಂತು. ಧಾರವಾಡದ ಕಡೆ ದೊಡ್ಡ ದವಾಖಾನಿಗೆ ಆಂಬುಲೆನ್ಸಿನ್ಯಾಗ ಒಯ್ಯಾಕತ್ತಿದ್ರು. ರಾಯಾಪುರದ ಹತ್ರ ಹತ್ತಿ ಅಂಡಗಿ ಹೇರಿದ ಲಾರಿ ರಸ್ತಾದ ಮ್ಯಾಲ ಅಡ್ಡ ಬಿದ್ದಿತ್ತು. ಎರಡೂ ಕಡೆ ಗಾಡಿ ನಿಂತು ಒತ್ತಿಬಿಟ್ಟಿದ್ದುವು. ಒಂದು ಸಣ್ಣ ಹಾದಿ ಉಳದಿತ್ತು, ಅದರಾಗ ಎಲ್ಲಾರೂ ಮೊದಲ ತೂರಬೇಕು ಅನ್ನಾವ್ರು. ಇವರು ಕೆಳಗ ಇಳದ್ರು. ಮೂವತ್ಮೂರು ವರ್ಷ ಗಾಡಿ ನಿಂದ್ರಿಸಿದ ಮನಿಷ್ಯಾ, ಅವತ್ತ ಕೈ ಮುಗಕೋತ ರಸ್ತಾದಾಗ ತಿರಗ್ಯಾಡಿದ್ರ ಒಂದು ಸೈಕಲ್ಲೂ ಬಾಜೂಕ ಸರೀಲಿಲ್ಲ. ನಾ ಒಳಗ ಮಲಗಿ ಇವರ ದನಿ ಕೇಳತಿದ್ದೆ. ಇವರು ಹಂಗ ಬೇಡಿಕೊಂಡದ್ದು ನಾ ಎಂದೂ ಕೇಳಿದ್ದಿಲ್ಲ.

ಆಗ ಒಬ್ಬ ಲಾರಿ ಡ್ರೈವರ ಬಂದ. ತಲಿಗೆ ಕೆಂಪು ಟಾವೆಲ್ ಸುತ್ತಿದ್ದನಂತ. ಏನೂ ಮಾತಾಡಲಿಲ್ಲಂತ. ತನ್ನ ತುಂಬಿದ ಲಾರಿನ ಸೀದಾ ಬಾಜೂಕಿನ ಹೊಲದಾಗ ಇಳಿಸಿದ, ಗಾಲಿ ಅರ್ಧಾ ಹುಗದುವು. ಇಳದು ಬಂದು ಟಾವೆಲ್ ಬಿಚ್ಚಿ ಎರಡೂ ಕೈಲೇ ಹಿಡಕೊಂಡು ರಸ್ತಾದ ನಡುವ ನಿಂತ. ಅವನ್ನ ನೋಡಿ ಬಸ್ಸಿನಾಂವ ಸರದ, ಟೆಂಪೋದಾಂವ ಸರದ. ನನಗ ಒಳಗ ಏನೂ ಕಾಣವಲ್ದು. ಹಾರ್ನ್ ನಿಂತದ್ದಷ್ಟ ಕೇಳಿತು. ಅಷ್ಟು ಗದ್ದಲ ಒಮ್ಮಿಗೇ ಸುಮ್ಮನಾತು ತಂಗಿ. ಸಾಯೂದು ಅಂದ್ರ ಹಿಂಗ ಇರತೈತೇನೋ ಅಂದಕೊಂಡೆ. ಆಮ್ಯಾಲ ಗಾಡಿ ಹೊಂಟದ್ದು ಗೊತ್ತಾತು.

ಡಾಕ್ಟರು ಇನ್ನ ಹತ್ತು ನಿಮಿಷ ತಡಾ ಆಗಿದ್ರ ಮುಗೀತಿತ್ತು ಅಂದ್ರು. ಆ ಡ್ರೈವರನ ಹೆಸರು ನಮಗ ಗೊತ್ತಿಲ್ಲ. ಇವರು ಎರಡು ಸಲ ರಾಯಾಪುರಕ್ಕ ಹೋಗಿ ಕೇಳಿ ಬಂದ್ರು, ಯಾರಿಗೂ ಗೊತ್ತಿಲ್ಲ.

ಅವತ್ತಿನಿಂದ ಇವರ ಹಂತ್ಯಾಕ ಒಂದು ಕೆಂಪು ಪೆನ್ಸಿಲ್ ಐತಿ, ಯಾತಕ್ಕೂ ಮುಟ್ಟಿದ್ದಿಲ್ಲ. ನಿನ್ನ ಆಟದಾಗ ಗಾಯದವರ ಗಾಡಿಗೆ ಅದರಲೇ ಗೆರಿ ಎಳದ್ರು. ನಾ ಬಾಜೂಕ ಕುಂತು ನೋಡೇನಿ.

ಅವರನ್ನ ತಗದು ಹಾಕೂದಾದ್ರ ಹಾಕು, ಅದು ನಿನ್ನ ಹಕ್ಕು. ಸಿಟ್ಟಿನ್ಯಾಗ ಹಾಕಬ್ಯಾಡ, ತಿಳಕೊಂಡು ಹಾಕು.

ಸಂಗವ್ವ

*

ಧಾರವಾಡ
೧೧ ಆಗಸ್ಟ್ ೨೦೨೪

ಪ್ರಿಯ ಕಾಕಾ,

ಮೂರು ವಾರ ನಿಮಗೆ ಬರೀ ಆಜ್ಞೆಯ ಚೀಟಿ ಕಳಿಸಿದ್ದೇನೆ, ಪತ್ರ ಬರೆದಿಲ್ಲ. ಬುತ್ತಿಗಾರರನ್ನು ಬದಲಿಸುವ ಮಾತನ್ನು ನಾನು ಮತ್ತೆ ಎತ್ತಲಿಲ್ಲ ಎನ್ನುವುದನ್ನು ಗಮನಿಸಿರುತ್ತೀರಿ. ಸಂಗವ್ವ ಕಾಕು ನನಗೊಂದು ಪತ್ರ ಬರೆದಿದ್ದರು. ಅವರ ಮೇಲೆ ಸಿಟ್ಟಾಗಬೇಡಿ. ಅವರಿಗೆ ನಮ್ಮ ನಿಯಮ ಹತ್ತುವುದಿಲ್ಲವಂತೆ.

ಪತ್ರ ಓದಿದ ಮೇಲಿನ ರವಿವಾರ ಹುಬ್ಬಳ್ಳಿ ಬಸ್ಸು ಹತ್ತಿ ರಾಯಾಪುರದಲ್ಲಿ ಇಳಿದೆ. ಹುಬ್ಬಳ್ಳಿಯವರೆಗೆ ಬರಲಿಲ್ಲ, ನಿಯಮ ಮುರಿದಿಲ್ಲ. ಅಲ್ಲಿ ನೋಡುವಂಥದ್ದು ಏನೂ ಇಲ್ಲ. ರಸ್ತೆ, ಒಂದು ಚಹಾದಂಗಡಿ, ಅದರಾಚೆ ಹೊಲ. ಎರಡು ಬಸ್ಸು ಹೋಗುವವರೆಗೆ ನಿಂತಿದ್ದೆ. ಆ ಹೊಲದಲ್ಲಿ ತುಂಬಿದ ಲಾರಿ ಇಳಿಸಿದ ಮನುಷ್ಯ ಅದನ್ನು ಹೇಗೆ ಮೇಲೆ ತಂದನೋ, ಮಾಲೀಕನಿಗೆ ಏನು ಹೇಳಿದನೋ. ಎಂಟು ಸಾವಿರ ಜನರ ದಂಡು ಆಳುವವಳು ನಾನು, ಹಾಗೆ ಒಬ್ಬಳೇ ರಸ್ತೆಯ ನಡುವೆ ನಿಲ್ಲಲು ನನಗೆ ಆಗುತ್ತಿತ್ತೇ ಎಂದು ಕೇಳಿಕೊಂಡೆ. ಮೂರನೆಯ ಬಸ್ಸು ಹತ್ತಿ ತಿರುಗಿ ಬಂದೆ.

ಈಗ ಕೇಳಿ. ಇಂದಿನ ವರದಿ ನೀವೂ ಓದಿದ್ದೀರಿ. ಮೂವತ್ತಾರನೆಯ ದಿನ ಮುಗಿಯಿತು. ದಕ್ಷಿಣದ ಗೋಡೆ ಬಿರುಕು ಬಿಟ್ಟಿದೆ, ಇನ್ನೊಂದು ದಿನದ ಹೊಡೆತಕ್ಕೆ ಬೀಳುತ್ತದೆ. ಮದ್ದು ಮುಗಿದಿದೆ. ಕೊನೆಯ ಮದ್ದಿನ ಗಾಡಿಗಳು ಕಣಿವೆಯ ಕೆಳಗೆ ನಿಮ್ಮ ಬಳಿ ಇವೆ. ಮೇಲೆ ನನ್ನ ಬಿಡಾರದಲ್ಲಿ ಮುನ್ನೂರ ನಲವತ್ತು ಗಾಯಾಳುಗಳಿದ್ದಾರೆ. ಪಂಚರು ಹೇಳಿದಂತೆ ಮೂವತ್ತೊಂಬತ್ತನೆಯ ದಿನ ಮಳೆ ಹಿಡಿಯುತ್ತದೆ, ಕಣಿವೆ ಮುಚ್ಚುತ್ತದೆ. ಗಾಡಿ ಹೂಡಿ ಹೇರಲು ಮೂವತ್ತೇಳನೆಯ ದಿನ ಹೋಗುತ್ತದೆ, ದಾರಿಗೆ ಒಂದೇ ದಿನ ಉಳಿದಿದೆ, ಒಂದೇ ಸಾಲಿನ ಗಾಡಿಗೆ. ಮದ್ದು ಮೇಲೆ ಬಂದರೆ ಗಾಯಾಳುಗಳು ಮೇಲೆಯೇ ಉಳಿಯುತ್ತಾರೆ, ಅರ್ಧ ಜನ ಉಳಿಯುವುದಿಲ್ಲ. ಅವರು ಇಳಿದರೆ ಕೋಟೆ ಬೀಳುವುದಿಲ್ಲ.

ಇವರು ಪಂಚರ ಹಾಳೆಯ ಮೇಲಿನ ಅಂಕಿ ಎಂದು ನನಗೆ ಗೊತ್ತು. ಮುಂಜಾನೆಯಿಂದ ಅದನ್ನೇ ಹೇಳಿಕೊಳ್ಳುತ್ತಿದ್ದೇನೆ, ಸಮಾಧಾನ ಆಗುತ್ತಿಲ್ಲ.

ಆಜ್ಞೆ: ಮದ್ದಿನ ಗಾಡಿಗಳು ಕೆಳಗೇ ನಿಲ್ಲಲಿ. ಗಾಯಾಳುಗಳ ಗಾಡಿಗಳಿಗೆ ದಾರಿ ಬಿಡಿ. ಇದು ನನ್ನ ಕೈಬರಹ, ನನ್ನ ಸಹಿ. ಸೋಲು ಬಂದರೆ ಅದು ನನ್ನದು, ನಿಮ್ಮದಲ್ಲ.

ನಾಳೆ ಮುಂಜಾನೆ ಮೊದಲ ಕೆಲಸ ಇದನ್ನು ಡಬ್ಬಿಗೆ ಹಾಕುವುದು. ಗುರುವಾರ ಆಗಸ್ಟ್ ಹದಿನೈದರ ರಜೆ, ಅದೊಂದೇ ಅಂಜಿಕೆ. ಶನಿವಾರ ಮಧ್ಯಾಹ್ನದೊಳಗೆ ನಿಮ್ಮ ಕೈ ಸೇರಬೇಕು.

ನಿಮ್ಮ,
ಋತುಜಾ
(ಇನ್ನೂ ಒಂದು ವಾರದ ಮಟ್ಟಿಗೆ ಸೇನಾಪತಿ)

*

ಹುಬ್ಬಳ್ಳಿ
೧೬ ಆಗಸ್ಟ್ ೨೦೨೪

ತಂಗಿ ಋತುಜಾ,

ನಿನ್ನೆ ಅಂಚೆ ಇರಲಿಲ್ಲ. ಇಂದು ಹನ್ನೊಂದೂ ಇಪ್ಪತ್ತಕ್ಕೆ ನಿಮ್ಮ ಪತ್ರ ಬಂತು. ಆಜ್ಞೆಯನ್ನು ಪಂಚರಿಗೆ ಕಳಿಸಿದ್ದೇನೆ.

ಒಂದು ಮಾತನ್ನು ಮುಚ್ಚಿಡಲು ಮನಸ್ಸಿಲ್ಲ. ಪತ್ರ ಬಾರದ್ದರಿಂದ ಬುಧವಾರವೇ ನಾನು ಆಜ್ಞೆ ಬರೆದಿಟ್ಟಿದ್ದೆ. ಮದ್ದಿನ ಗಾಡಿಗಳಿಗೆ ದಾರಿ, ಗಾಯಾಳುಗಳು ಮೇಲೆಯೇ ಇರಲಿ ಎಂದು. ನೀವು ಇಷ್ಟು ಕಷ್ಟಪಟ್ಟು ಏರಿದ ಪದವಿ ಇನ್ನೊಮ್ಮೆ ನನ್ನ ಕೈಯಿಂದ ಹೋಗಬಾರದು ಎಂದುಕೊಂಡೆ. ಜೀವನದಲ್ಲಿ ಪರಿಹಾರದ ಗಾಡಿಯನ್ನು ತಡೆದು ಗೆರೆ ಎಳೆದದ್ದು ಅದೊಂದೇ ಸಲ. ಸಂಗವ್ವ ಎರಡು ದಿನ ನನ್ನೊಡನೆ ಮಾತು ಬಿಟ್ಟಿದ್ದಳು.

ಇಂದು ನಿಮ್ಮ ಪತ್ರ ಓದಿ ಆ ಗೆರೆಯನ್ನು ಅಳಿಸಿದೆ. ಅಳಿಸುವಾಗ ಸಂಗವ್ವ ತಾನಾಗಿ ಬಂದು ಹಾಳೆಯ ತುದಿ ಹಿಡಿದುಕೊಂಡಳು.

ನಿಮ್ಮ,
ನೀಲಕಂಠಪ್ಪ

*

ಧಾರವಾಡ
೨೦ ಆಗಸ್ಟ್ ೨೦೨೪

ಪ್ರಿಯ ಕಾಕಾ ಮತ್ತು ಕಾಕು,

ಮುತ್ತಿಗೆ ಮುಗಿದಿದೆ, ಇನ್ನು ಫೋನ್ ಮಾಡಬಹುದು. ನಿಮ್ಮ ನಂಬರನ್ನು ಪಂಚರು ಕೊಟ್ಟಿದ್ದಾರೆ. ಎರಡು ಸಲ ಒತ್ತಲು ಹೋಗಿ ಬಿಟ್ಟೆ. ನಿಮ್ಮೊಡನೆ ನನಗೆ ಬರೆದೇ ರೂಢಿ.

ರವಿವಾರದ ವರದಿಯನ್ನು ನೀವೂ ಕೇಳಿದ್ದೀರಿ, ಆದರೂ ಬರೆಯುತ್ತೇನೆ. ಬರೆದರೆ ಅದು ನನ್ನ ಬಳಿ ಉಳಿಯುತ್ತದೆ.

ಮೂವತ್ತೆಂಟನೆಯ ದಿನ ಐವತ್ತೇಳು ಗಾಡಿಗಳು ಗಾಯಾಳುಗಳನ್ನು ಹೊತ್ತು ಬಿಡಾರದಿಂದ ಹೊರಟವು. ನಾನು ಮಾಡಿದ ತಪ್ಪೊಂದು ಆಗ ಗೊತ್ತಾಯಿತು. ನಾವು ಬಿಡಾರವನ್ನು ಗೋಡೆಯ ಹತ್ತಿರಕ್ಕೆ ತಂದಿದ್ದರಿಂದ ದಾರಿಯ ಮೊದಲ ಭಾಗ ಕೋಟೆಯ ಫಿರಂಗಿಗಳ ಅಳವಿನಲ್ಲಿತ್ತು. ಪಂಚರು ಅಲ್ಲಿ ಓದುವುದನ್ನು ನಿಲ್ಲಿಸಿ ನೀರು ಕುಡಿದರು. ಇಸ್ತಿಯಾಕ ಗುಂಡು ಹಾರಿಸಿದ್ದರೆ ದಂಡು ಅಲ್ಲಿಯೇ ಚದುರಿಹೋಗುತ್ತಿತ್ತು, ಅವರಿಗೆ ಪೂರ್ಣ ಜಯ ಸಿಗುತ್ತಿತ್ತು. ಈ ಗುಂಪಿನಲ್ಲಿ ಇವತ್ತಿನವರೆಗೆ ಯಾರಿಗೂ ಪೂರ್ಣ ಜಯ ಸಿಕ್ಕಿಲ್ಲ, ಅವರಿಗೂ ಸಿಕ್ಕಿಲ್ಲ.

ಗಾಡಿ ಕಾಣುತ್ತಿವೆ, ಏನು ಮಾಡಬೇಕು ಎಂದು ಪಂಚರು ಅವರನ್ನು ಮೂರು ಸಲ ಕೇಳಿದರಂತೆ. ಅವರು ಕಳಿಸಿದ ಆಜ್ಞೆಯನ್ನು ಪಂಚರು ಇದ್ದ ಹಾಗೇ ಓದಿದರು: “ಗಾಡಿಗಳು ಇಳಿಯಲಿ. ಅವು ಕಣ್ಮರೆಯಾಗುವವರೆಗೆ ಯಾರೂ ಬತ್ತಿ ಹಚ್ಚಬೇಡಿ.”

ಗುಂಪಿನಲ್ಲಿ ಇನ್ನೂರ ಹನ್ನೆರಡು ಜನ ಇದ್ದರು. ಸುಮ್ಮನೆ ಇರಲು ಬಾರದ ಜನ, ನಿಮಗೆ ಗೊತ್ತು. ಹನ್ನೊಂದು ನಿಮಿಷ ಯಾರೂ ಒಂದಕ್ಷರ ಬರೆಯಲಿಲ್ಲ. ನಾನು ಗಡಿಯಾರ ನೋಡುತ್ತ ಕೂತಿದ್ದೆ. ಹಾರ್ನ್ ನಿಂತದ್ದು ಕೇಳಿತು ಎಂದು ಕಾಕು ಬರೆದಿದ್ದರಲ್ಲ, ಅದು ಆಗ ನನಗೆ ತಿಳಿಯಿತು. ನಡುವೆ ಒಂದು ದಾರಿ, ಈ ಕಡೆ ನಾವು ಬದಿಗೆ ನಿಂತಿದ್ದೇವೆ, ಆ ಕಡೆ ವೈರಿ ಬದಿಗೆ ನಿಂತಿದ್ದಾನೆ, ಐವತ್ತೇಳು ಗಾಡಿಗಳು ಮೆಲ್ಲಗೆ ಇಳಿದು ಹೋಗುತ್ತಿವೆ. ಮುಖ ನೋಡದ ಇಷ್ಟು ಜನ ಒಂದೇ ಹೊತ್ತಿಗೆ ಹೀಗೆ ಉಸಿರು ಬಿಗಿಹಿಡಿಯಬಹುದು ಎಂದು ನನಗೆ ಗೊತ್ತಿರಲಿಲ್ಲ.

ನಾನು ಅತ್ತೆ. ಆಯಿ ಒಳಗಿನಿಂದ ಓಡಿ ಬಂದು ಯಾರು ಹೋದರು ಎಂದು ಕೇಳಿದಳು. “ಯಾರೂ ಹೋಗಲಿಲ್ಲ ಆಯಿ, ಅದಕ್ಕೇ ಅಳಾಕತ್ತೇನಿ” ಎಂದೆ.

ಕೋಟೆ ಬೀಳಲಿಲ್ಲ. ನಾನು ಸೋತೆ. ಪದವಿ ಬಿಟ್ಟುಕೊಟ್ಟೆ, ಬಿಡುವಾಗ ಬಹಳ ಸಂಕಟವಾಯಿತು, ಇಲ್ಲ ಎಂದರೆ ಸುಳ್ಳಾಗುತ್ತದೆ. ಆಮೇಲೆ ಸೋತವರಿಗೆ ಕೊಡುವ ಆ ಸಮಾಧಾನವನ್ನು ಕೇಳಿ ತೆಗೆದುಕೊಂಡೆ. ಈಗ ರಣಪಟದ ಪುಸ್ತಕದಲ್ಲಿ ಇಪ್ಪತ್ಮೂರನೆಯ ನಿಯಮ ನನ್ನದು: “ದಾರಿ ಒಂದೇ ಇದ್ದಲ್ಲಿ ಗಾಯಾಳುಗಳ ಗಾಡಿ ಮೊದಲು. ಎರಡೂ ಪಕ್ಷದವರು ಬದಿಗೆ ನಿಲ್ಲತಕ್ಕದ್ದು.” ‘ನಿಲ್ಲತಕ್ಕದ್ದು’ ನಿಮ್ಮಿಂದ ಕಲಿತದ್ದು. ಮೊದಲು ಒಪ್ಪಿಗೆ ಬರೆದವರು ಇಸ್ತಿಯಾಕ. ಎರಡನೆಯವನು, ನಂಬಿದರೆ ನಂಬಿ, ಶಶಿಕುಮಾರ.

ನಿಮ್ಮ ಹದಿನಾರರ ಪತ್ರ ನಿನ್ನೆ ಬಂತು. ಅಳಿಸಿದ ಆ ಗೆರೆಯ ವಿಷಯ ಓದಿ ಎದ್ದು ಹೋಗಿ ನಿಮ್ಮ ಹಾಳೆಯನ್ನು ಮತ್ತೆ ಪಡಸಾಲೆಯಲ್ಲಿ ಹಾಸಿದೆ. ಇನ್ನೂ ಸುತ್ತಿಟ್ಟಿಲ್ಲ, ಆಯಿ ಅದರ ಸುತ್ತ ಬಳಸಿ ನಡೆಯುತ್ತಿದ್ದಾಳೆ.

ನಿಮ್ಮ ಮನೆಗೆ ಬರಬಹುದೇ?

ನಿಮ್ಮ,
ಋತುಜಾ

*

ಹುಬ್ಬಳ್ಳಿ
೨೪ ಆಗಸ್ಟ್ ೨೦೨೪

ಮಗಳೇ ಋತುಜಾ,

ಉತ್ತರವನ್ನು ಇದರೊಡನೆ ಇಟ್ಟ ಸಣ್ಣ ಹಾಳೆಯಲ್ಲಿ ಬರೆದಿದ್ದೇನೆ. ಓದಲು ನಿನಗೀಗ ಬರುತ್ತದೆ.

ಸೆಪ್ಟೆಂಬರ್ ಒಂದು, ರವಿವಾರ. ಧಾರವಾಡ ಬಿಡುವುದು ಒಂಬತ್ತೂ ನಲವತ್ತು. ಹುಬ್ಬಳ್ಳಿ ತಲುಪುವುದು ಹತ್ತೂ ಇಪ್ಪತ್ತೇಳು. ನಿನ್ನ ತಾಯಿಯವರಿಗೂ ಜಾಗ ಹಿಡಿದಿದ್ದೇನೆ. ಸಂಗವ್ವ ಗೋದಿಯ ಸಿಹಿ ಮಾದಲಿ ಮಾಡುವವಳಿದ್ದಾಳೆ, ತಡವಾದರೆ ಅದಕ್ಕೆ ಹಾಕುವ ಬಿಸಿ ಹಾಲು ಆರುತ್ತದೆ ಎಂದು ಬರೆಯಲು ಹೇಳಿದ್ದಾಳೆ.

ಹಾಳೆಯ ಮೇಲೆ ಅದೊಂದೇ ಗೆರೆ ಇದೆ, ಕೆಂಪು ಪೆನ್ಸಿಲಿನದು. ರಾಯಾಪುರದಲ್ಲಿ ಎರಡು ನಿಮಿಷ ನಿಲುಗಡೆ ಕೊಟ್ಟಿದ್ದೇನೆ. ಉಳಿದ ಗಾಡಿಗಳನ್ನೆಲ್ಲ ಬದಿಗೆ ನಿಲ್ಲಿಸಿದ್ದೇನೆ.

ನಿನ್ನ ಬುತ್ತಿಗಾರ,
ನೀಲಕಂಠಪ್ಪ